ಬಾವಿ ಕಡೆ ಮರ, ರಸ್ತೆ ಕಡೆ ಮರ

ಅಜ್ಜಿ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. "ಮನೆಗೋಸ್ಕರ ಜೀವ ತೇಯ್ದ ಹೆಂಗಸು ಕಣ್ರೀ." ನೆಂಟರು ಹೇಳಿದರು, ಕೇರಿಯವರು ಹೇಳಿದರು. ತಿಥಿಗೆ ಹಾಕಿಸಿದ ಫ್ಲೆಕ್ಸಿನಲ್ಲೂ 'ತ್ಯಾಗಮಯಿ' ಅಂತ ದಪ್ಪ ಅಕ್ಷರದಲ್ಲಿತ್ತು. ಆ ಮಾತು ಸುಳ್ಳಲ್ಲ. ಆದರೂ ಕೇಳಿದಷ್ಟೂ ನನಗೆ ಏನೋ ಚುಚ್ಚುತ್ತಿತ್ತು. ಏನು ಅಂತ ಗೊತ್ತಾಗಿದ್ದು ಸಾವಿನ ನೋಂದಣಿ ಫಾರಂ ತುಂಬುವಾಗ. ಅದರಲ್ಲಿ ಮೃತರ ಉದ್ಯೋಗ ಅನ್ನೋ ಒಂದು ಸಾಲಿದೆ. ಉದ್ಯೋಗ ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಬೇಕು ಅನ್ನೋ ಸೂಚನೆಯೂ ಪಕ್ಕದಲ್ಲೇ ಇದೆ. ದೊಡ್ಡಪ್ಪ ಬಗ್ಗಿ ನೋಡಿ, "ಇಲ್ಲ ಅಂತ ಬರಿಯವ್ವ, ಅವ್ವ ಮನೇಲೇ ಇದ್ಲಲ್ಲ" ಅಂದರು. ಅವರ ದನಿಯಲ್ಲಿ ಸ್ವಲ್ಪವೂ ತಾತ್ಸಾರ ಇರಲಿಲ್ಲ. ಅತ್ತು ಅತ್ತು ಕಣ್ಣು ಇನ್ನೂ ಕೆಂಪಗೇ ಇತ್ತು. ತಾಯಿಯನ್ನು ಅಷ್ಟು ಹಚ್ಚಿಕೊಂಡಿದ್ದ ಮಗ, ಹೊಲದ ಬದುವಿನ ಮೇಲೆ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದ ಮಗ, ಆ ಮಾತನ್ನು ಸಹಜವಾಗಿ ಹೇಳಿದರು. ನಾನು 'ಕೃಷಿ' ಅಂತ ಬರೆದೆ. ಅವರು ಬೇಡ ಅನ್ನಲಿಲ್ಲ.

ಆ 'ತ್ಯಾಗಮಯಿ'ಗೂ ಈ 'ಇಲ್ಲ'ಕ್ಕೂ ಹತ್ತಿರದ ನಂಟಿದೆ ಅಂತ ಅವತ್ತಿಂದ ನನಗೆ ಅನ್ನಿಸುತ್ತಿದೆ. ಒಬ್ಬಳು ಮಾಡಿದ್ದನ್ನೆಲ್ಲ ತ್ಯಾಗ ಅಂದುಬಿಟ್ಟರೆ, ಅವಳು ಏನು ಮಾಡಿದಳು, ಅದಕ್ಕೆ ಎಷ್ಟು ತಿಳಿವಳಿಕೆ ಬೇಕಿತ್ತು ಅಂತ ಆಮೇಲೆ ಯಾರೂ ಕೇಳಲ್ಲ. ಕೈ ಮುಗಿದು ಮುಂದಕ್ಕೆ ಹೋಗ್ತಾರೆ. ನನಗೆ ಅಷ್ಟಕ್ಕೇ ಸುಮ್ಮನಾಗೋಕೆ ಮನಸ್ಸು ಒಪ್ಪುತ್ತಿಲ್ಲ. ಅಜ್ಜಿಗೆ ಏನೇನು ಗೊತ್ತಿತ್ತು ಅನ್ನೋದನ್ನು, ನೆನಪಿರುವಷ್ಟಾದರೂ, ಬರೆದಿಡಬೇಕು ಅನ್ನಿಸಿದೆ.

ನಮ್ಮದು ತಿಪಟೂರು ಕಡೆ. ಒಂದಿಷ್ಟು ರಾಗಿ ಹೊಲ, ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಎರಡು ಮೂರು ಹಸು. ಇಷ್ಟು ಹೇಳಿದರೆ ಆ ಸೀಮೆಯವರಿಗೆ ಮನೆಯ ಚಿತ್ರ ಪೂರ್ತಿ ಕಣ್ಣಿಗೆ ಬರುತ್ತೆ. ಅಜ್ಜಿ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ 1936ರ ಜನವರಿ 1 ಅಂತಿತ್ತು. ಅವಳ ವಾರಿಗೆಯ ಎಷ್ಟೋ ಜನರ ಕಾರ್ಡಿನಲ್ಲಿ ಅದೇ ತಾರೀಖು. ಹದಿನೈದು ತುಂಬೋ ಹೊತ್ತಿಗೆ ಮದುವೆಯಾಗಿ ಬಂದಳು. ಬಂದ ಮನೆಯಲ್ಲಿ ಅತ್ತೆ, ಮಾವ, ಮೈದುನರು, ಇನ್ನೂ ಮದುವೆಯಾಗದ ನಾದಿನಿಯರು. ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸಿದ್ದು, ಎಲ್ಲರ ಊಟ ಆದಮೇಲೆ ಉಂಡಿದ್ದು, ಹೆರಿಗೆಯ ಹಿಂದಿನ ದಿನದವರೆಗೂ ಕಳೆ ಕಿತ್ತಿದ್ದು, ಇದೆಲ್ಲ ನಿಮ್ಮ ಮನೆಯ ಅಜ್ಜಿಯ ಕತೆಯೂ ಹೌದು. ಅದನ್ನು ಮತ್ತೆ ಹೇಳಲ್ಲ.

ಅಂಗೈಲಿ ಕೇಳೋದು

ತಿಪಟೂರು ಕೊಬ್ಬರಿಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದು ತಯಾರಾಗೋದು ಮನೆಯ ಅಟ್ಟದ ಮೇಲೆ ಅಂತ ಪೇಟೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ತಿಂಗಳೋ ವರ್ಷವೋ ಅಲ್ಲೇ ಇರಬೇಕು. ಒಳಗಿನ ನೀರು ನಿಧಾನಕ್ಕೆ ಇಂಗಬೇಕು. ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆಯಾಗಿ ಒಳಗೇ ಉರುಳಾಡಬೇಕು. ಆಗ ಅದು ಗಿಟುಕು. ಅವಸರಪಟ್ಟು ಒಡೆದರೆ ಒಳಗೆ ಹಸಿ, ನಾಲ್ಕು ದಿನಕ್ಕೆ ಬೂಸ್ಟು. ಮಟ್ಟೆಯ ಮೇಲಿನಿಂದ ನೋಡಿದರೆ ಒಳಗೇನಾಗಿದೆ ಅಂತ ಏನೂ ತಿಳಿಯಲ್ಲ.

ಬೇಸಿಗೆ ರಜೆಯಲ್ಲಿ ನಮ್ಮನ್ನು ಅಟ್ಟ ಹತ್ತಿಸೋರು. ನಾವು ಮೇಲಿನಿಂದ ಒಂದೊಂದೇ ಕಾಯಿ ಇಳಿಸಬೇಕು. ಕೆಳಗೆ ಅಜ್ಜಿ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿರೋಳು. ಕಾಯಿ ಕೈಗೆ ಬಂದ ತಕ್ಷಣ ಎರಡೇ ಎರಡು ಸಲ ಅಲ್ಲಾಡಿಸೋಳು. ಲೊಟಲೊಟ ಅಂದರೆ ಬಲಗಡೆಗೆ. ಗುಳುಕ್ ಅಂದರೆ ಒಳಗೆ ಇನ್ನೂ ನೀರಿದೆ, ಎಡಗಡೆಗೆ, ಮತ್ತೆ ಅಟ್ಟಕ್ಕೆ. ಇವೆರಡು ನಮಗೂ ತಿಳಿಯುತ್ತಿತ್ತು. ಕಷ್ಟ ಇದ್ದದ್ದು ಸದ್ದೇ ಮಾಡದ ಕಾಯಲ್ಲಿ. ನೀರು ಇಂಗಿದೆ, ತಿರುಳು ಮಾತ್ರ ಚಿಪ್ಪು ಬಿಟ್ಟಿಲ್ಲ. ಅದು ಹದಿನೈದು ದಿನದಲ್ಲಿ ಬಿಡೋ ಕಾಯೋ, ಒಳಗೇ ಕೆಟ್ಟು ಅಂಟಿಕೊಂಡ ಕಾಯೋ? ಅಂಥದ್ದು ಬಂದಾಗ ಅಜ್ಜಿ ಮಾತು ನಿಲ್ಲಿಸೋಳು. ಅಂಗೈ ಮೇಲಿಟ್ಟು ತೂಗಿ, ಬೆರಳಲ್ಲಿ ಒಂದು ಸಲ ತಟ್ಟಿ, ಆಮೇಲೆ ಯಾವ ಕಡೆ ಅಂತ ತೀರ್ಮಾನ ಮಾಡೋಳು. ನಾನು ಕಾಯಿಯನ್ನು ಕಿವಿಗೆ ಹಿಡಿದು ಕೇಳೋಕೆ ಹೋದರೆ, "ಕಿವೀಲಿ ಕೇಳ್ಬೇಡ ಕಣವ್ವ, ಅಂಗೈಲಿ ಕೇಳು" ಅನ್ನೋಳು. ತುಂಬ ಪ್ರಯತ್ನಪಟ್ಟರೂ ನನಗದು ಬರಲಿಲ್ಲ. ಅವಳು ಎಡಕ್ಕಿಟ್ಟ ಕಾಯಿಯನ್ನು ನಾವು ಕದ್ದು ಒಡೆದು ನೋಡುತ್ತಿದ್ದೆವು. ಅವಳು ಹೇಳಿದ ಹಾಗೇ ಇರುತ್ತಿತ್ತು.

ಇದರಲ್ಲಿ ನನಗೆ ಇವತ್ತಿಗೂ ಮರೆಯದ ಒಂದು ಮಧ್ಯಾಹ್ನ ಇದೆ. ಕೊಬ್ಬರಿ ವ್ಯಾಪಾರದವರು ಬಂದು ಜಗಲಿ ಮೇಲೆ ಕೂತಿದ್ದರು. ತಾತ ಅವರಿಗೆ ಎಲೆ ಅಡಿಕೆ ತಟ್ಟೆ ಕೊಟ್ಟು, ನೀರು ಕುಡಿಯೋ ನೆಪದಲ್ಲಿ ಒಳಗೆ ಬಂದರು. "ಹೆಂಗದೆ ಈ ಸಲ?" ಅಂದರು, ಮೆತ್ತಗೆ. ಅಜ್ಜಿ ಕೈಯಲ್ಲಿದ್ದ ಕಾಯಿ ಕೆಳಗಿಡದೆ, "ಈಗ್ಲೇ ಕೊಡ್ಬೇಡಿ. ಮೇಲ್ಗಡೆ ಸಾಲಿನವು ಇನ್ನೂ ಬುಟ್ಟಿಲ್ಲ. ಒಂದ್ ತಿಂಗ್ಳು ತಡೀರಿ" ಅಂದಳು. ತಾತ ಹೊರಗೆ ಹೋಗಿ, "ಈಗ ಕೊಡಾಕಿಲ್ಲ ಕಣಪ್ಪ, ನಾನು ಇನ್ನೊಂದ್ ತಿಂಗ್ಳು ನೋಡ್ತೀನಿ" ಅಂದರು. ವ್ಯಾಪಾರದವರು ತಾತನ ಲೆಕ್ಕಾಚಾರವನ್ನು ಮೆಚ್ಚಿಕೊಂಡು ಎದ್ದು ಹೋದರು. ತಾತ ಕೆಟ್ಟವರಾಗಿರಲಿಲ್ಲ. ಅಜ್ಜಿಯನ್ನು ಕೇಳದೆ ಒಂದು ಕಾಯನ್ನೂ ಮಾರುತ್ತಿರಲಿಲ್ಲ. ಆದರೆ ಕೇಳಿದ್ದು ಒಳಮನೆಯಲ್ಲಿ, ಹೇಳಿದ್ದು ಜಗಲಿಯಲ್ಲಿ. ಆ ಹೊಸ್ತಿಲು ದಾಟುವಾಗ ಅವಳ ಮಾತು ಅವರದಾಯಿತು. ಅವರಿಬ್ಬರ ಐವತ್ತಕ್ಕೂ ಜಾಸ್ತಿ ವರ್ಷದ ಸಂಸಾರ ನಡೆದದ್ದೇ ಹೀಗೆ. ಅಜ್ಜಿಗೆ ಅದರಲ್ಲಿ ಬೇಸರ ಇತ್ತಾ ಅಂತ ನಾನು ಒಂದು ಸಲ ಕೇಳಿದ್ದೆ. "ವ್ಯಾಪಾರ ಕೆಡದಿದ್ರೆ ಸಾಕಲ್ವಾ" ಅಂದಳು.

ಈಗ ಕೊಬ್ಬರಿಯನ್ನು ಬೆಂಬಲ ಬೆಲೆಗೆ ಮಾರಬೇಕಾದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡೋ ನೋಂದಣಿ ಸಂಖ್ಯೆ, ಬೇಕು. ಐಡಿ ಆಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಇಟ್ಟಿದ್ದ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ವರ್ಷ ನಮ್ಮ ಕಡೆ ನೋಂದಣಿಗೆ ನಿಂತಿದ್ದ ಸಾಲುಗಳು ನೆನಪಿದೆ. ಸಾಲಲ್ಲಿ ಬಹುಪಾಲು ಗಂಡಸರು. ಅವರ ಚೀಲದಲ್ಲಿದ್ದ ಕೊಬ್ಬರಿಯನ್ನು ಅಟ್ಟದಿಂದ ಇಳಿಸಿ ಆರಿಸಿ ಕೊಟ್ಟವರು ಮನೆಯಲ್ಲಿದ್ದರು.

ಉಳುಮೆ ಬಿಟ್ಟು ಉಳಿದದ್ದೆಲ್ಲ

ನಮ್ಮ ಕಡೆ ಹೆಂಗಸರು ನೇಗಿಲು ಮುಟ್ಟಬಾರದು ಅಂತಿತ್ತು. ಬೇಸಾಯದಲ್ಲಿ ಅಜ್ಜಿ ಮಾಡದೇ ಇದ್ದ ಕೆಲಸ ಅದೊಂದೇ ಅಂತ ಕಾಣುತ್ತೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಹೊಲ ಹದವಾದರೆ ತಾತ ಎತ್ತು ಹೂಡಿ ಬಿತ್ತೋ ಕೂರಿಗೆ ಹಿಡಿಯೋರು. ಕೂರಿಗೆ ಬಟ್ಟಲಿಗೆ ರಾಗಿ ಬಿಡೋಳು ಅಜ್ಜಿಯ ಓರಗಿತ್ತಿ. ಹಿಂದೆ ಸಡ್ಡೆ, ಅಂದರೆ ಕಾಳು ಬಿಡೋ ಕೊಳವೆ, ಹಿಡಿದು ಅಕ್ಕಡಿ ಬಿಡೋಳು ಅಜ್ಜಿ. ಅಕ್ಕಡಿ ಅಂದರೆ ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಸಾಲು. ಮಡಿಲಲ್ಲಿ ಬಿತ್ತನೆ ಕಾಳು ಕಟ್ಟಿಕೊಂಡು ಎತ್ತಿನ ವೇಗಕ್ಕೆ ಹೆಜ್ಜೆ ಹಾಕುತ್ತಾ ಬೆರಳ ಸಂದಿಯಿಂದ ಕಾಳು ಬಿಡಬೇಕು. ಒತ್ತಾಗಿ ಬಿದ್ದರೆ ಅವರೆ ಬಳ್ಳಿ ಹಬ್ಬಿ ರಾಗಿಯನ್ನು ತಿಂದುಹಾಕುತ್ತೆ. ತೆಳ್ಳಗಾದರೆ ವರ್ಷವಿಡೀ ಸಾರಿಗೆ ಕಾಳಿಲ್ಲ. ಮಳೆ ಕೈಕೊಟ್ಟು ರಾಗಿ ಹೋದರೂ ಇಬ್ಬನಿ ಕುಡಿದು ಅವರೆ ಬರುತ್ತಿತ್ತು. ಅಂಥ ವರ್ಷಗಳಲ್ಲಿ ಮನೆಯನ್ನು ದಾಟಿಸಿದ್ದು ಅಜ್ಜಿಯ ಸಾಲು.

ಯಾವ ಸಾಲಿಗೆ ಯಾವ ಕಾಳು ಅಂತ ತೀರ್ಮಾನ ಮಾಡೋಳೂ ಅವಳೇ. ಯಾಕೆಂದರೆ ಬಿತ್ತನೆ ಇದ್ದದ್ದು ಅವಳ ಹತ್ತಿರ. ಹೊಲದಲ್ಲಿ ನಿಂತಿರುವಾಗಲೇ ಒಳ್ಳೆ ತೆನೆ, ಒಳ್ಳೆ ಕಾಯಿ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡೋಳು. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ನಮ್ಮ ಮನೆಗೂ ಆ ಬಿತ್ತನೆ ಬಂತು. ಇಳುವರಿ ಕಂಡು ತಾತ ಇಡೀ ಹೊಲಕ್ಕೆ ಅದನ್ನೇ ಬಿತ್ತೋಣ ಅಂದರು. ಅಜ್ಜಿ ಬೇಡ ಅನ್ನಲಿಲ್ಲ. ಆದರೆ ಬೇಲಿ ಪಕ್ಕದ ಒಂದು ತುಂಡಿಗೆ ಹಳೇ ರಾಗಿಯನ್ನೇ ಹಾಕಿಸಿದಳು. ಹೊಸದು ಒಂದು ವರ್ಷ ಸರಿಯಾಗಿ ಬರದಿದ್ದರೆ ಬಿತ್ತನೆಗೆ ಯಾರ ಮನೆ ಬಾಗಿಲಿಗೆ ಹೋಗೋದು ಅಂತ ಅವಳ ಯೋಚನೆ. ಹೊಸದನ್ನು ಒಪ್ಪಿಕೊಂಡೇ ಹಳೆಯದನ್ನು ಬಿಡದ ಆ ಬುದ್ಧಿಯನ್ನು ನಾನು ಆಮೇಲೆ ಓದಿದ ಯಾವ ಪಾಠದಲ್ಲೂ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಇನ್ನು ಮುಯ್ಯಾಳು. ಒಬ್ಬರ ಹೊಲದ ಕಳೆಗೆ ಇನ್ನೊಬ್ಬರು ಬರೋದು, ಆಮೇಲೆ ಅವರ ಹೊಲಕ್ಕೆ ಇವರು ಹೋಗಿ ತೀರಿಸೋದು. ಕೂಲಿಯಿಲ್ಲ, ಚೀಟಿಯಿಲ್ಲ. ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು, ನಾವು ಎಷ್ಟು ತೀರಿಸಿದ್ದೇವೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಮುಂದಕ್ಕೆ ಹಾಕಿದ್ದೇವೆ, ಎಲ್ಲವೂ ಹೆಂಗಸರ ತಲೆಯಲ್ಲಿ. ಈ ಲೆಕ್ಕ ತಪ್ಪಿದರೆ ಮುಂದಿನ ವರ್ಷ ನಿಮ್ಮ ಹೊಲಕ್ಕೆ ಯಾರೂ ಬರಲ್ಲ. ಕಳೆ ಕೀಳುತ್ತಾ ಕೀಳುತ್ತಾ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ಬಂದು ಸಂಜೆ ಬೆರಕೆ ಸೊಪ್ಪಿನ ಸಾರು ಮಾಡೋರು. ಆ ಸಾರಿನ ರುಚಿ ಬಗ್ಗೆ ಎಲ್ಲರೂ ಮಾತಾಡ್ತಾರೆ. ಯಾವುದು ತಿನ್ನೋ ಸೊಪ್ಪು, ಯಾವುದು ಕೀಳಬೇಕಾದ ಕಳೆ ಅಂತ ಒಂದೇ ನೋಟದಲ್ಲಿ ಬೇರೆ ಮಾಡೋ ಕಣ್ಣಿನ ಬಗ್ಗೆ ಯಾರೂ ಮಾತಾಡಲ್ಲ.

ನಮ್ಮ ಹೊಲದಲ್ಲಿ ಒಂದು ಭಾಗ ಮೊದಲು ನಮ್ಮದಾಗಿರಲಿಲ್ಲ. ಬೇರೆಯವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡೋ ಗೇಣಿಗೆ, ಮಾಡುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಬಂತಲ್ಲ, 1974ರಲ್ಲಿ, ಆಗ ತಾತ ಆ ಜಮೀನಿಗೆ ಡಿಕ್ಲರೇಷನ್ ಅರ್ಜಿ ಹಾಕಿದರು. ಭೂನ್ಯಾಯ ಮಂಡಳಿಯಲ್ಲಿ ನಮ್ಮ ಕಡೆಗೆ ಆಯಿತು. ನಮ್ಮ ಮನೆ ಎರಡು ಹೊತ್ತು ನೆಮ್ಮದಿಯಾಗಿ ಉಂಡದ್ದೇ ಆ ಕಾನೂನಿನಿಂದ. ಅದರ ಋಣ ನನ್ನ ಮೇಲೂ ಇದೆ, ನನ್ನ ಓದಿನ ಮೇಲೂ ಇದೆ. ಉಳುವವನೇ ಭೂಮಿಯ ಒಡೆಯ ಅಂತ ಊರೂರಲ್ಲಿ ಕೂಗಿದರು. ಹೆಂಗಸರಿಗೆ ಮಾಡಬಾರದು ಅಂತ ಇಟ್ಟಿದ್ದ ಒಂದೇ ಕೆಲಸ ಉಳುಮೆ. ಹೊಲ ಯಾರದು ಅಂತ ಅಳೆದದ್ದೂ ಅದೇ ಕೆಲಸದಿಂದ. ಬಿತ್ತಿದವಳು, ಕಳೆ ತೆಗೆದವಳು, ಕೊಯ್ದವಳು, ಕಣದಲ್ಲಿ ತೂರಿದವಳು ಆ ಅರ್ಜಿಯಲ್ಲಿ ಎಲ್ಲೂ ಬರಲಿಲ್ಲ. ಅರ್ಜಿ ಹಾಕಿದವರಿಗೂ ಅದು ತಪ್ಪು ಅನ್ನಿಸಿರಲಿಲ್ಲ, ಬಿಟ್ಟುಹೋದವಳಿಗೂ ಅನ್ನಿಸಿರಲಿಲ್ಲ.

ಇದು ನಮ್ಮೊಬ್ಬರ ಮನೆ ಮಾತಲ್ಲ. ಹಳ್ಳಿಯಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 76 ಜನ ಇರೋದು ಬೇಸಾಯದಲ್ಲೇ ಅಂತ 2022-23ರ ಸರ್ಕಾರಿ ಸಮೀಕ್ಷೆ ಹೇಳುತ್ತೆ. ಆದರೆ 2015-16ರ ಕೃಷಿ ಗಣತಿಯಲ್ಲಿ ಹಿಡುವಳಿದಾರರು ಅಂತ ಲೆಕ್ಕಕ್ಕೆ ಬಂದವರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಜನಗಣತಿಯಲ್ಲಿ 1991ರಿಂದ, ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸವನ್ನೂ ಸೇರಿಸಿ ಕೇಳಬೇಕು ಅಂತ ಪ್ರಶ್ನೆಯಲ್ಲೇ ಬರೆದಿದ್ದಾರೆ. ಒಳ್ಳೆಯದೇ. ಆದರೆ ಗಣತಿಯವರು ಬಂದಾಗ ಜಗಲಿ ಮೇಲೆ ಕೂತು ಉತ್ತರ ಕೊಡೋರು ಯಾರು? "ನಮ್ಮನೆಯೋಳಾ? ಮನೇಲಿರ್ತಾಳೆ" ಅನ್ನೋ ಉತ್ತರ ನಾನೇ ಕಿವಿಯಾರೆ ಕೇಳಿದ್ದೇನೆ. ಆ ಹೊತ್ತಲ್ಲಿ ಅಜ್ಜಿ ಮನೆಯಲ್ಲಿ ಇರಲಿಲ್ಲ. ಹುಲ್ಲಿಗೆ ಹೋಗಿದ್ದಳು.

ಡೇರಿಯದೂ ಅದೇ ಕತೆ. ಹಸು ಕಟ್ಟೋದು, ಹುಲ್ಲು ಹಾಕೋದು, ಕರೆಯೋದು ಅಜ್ಜಿ. ಡೇರಿ ಪಾಸ್‌ಬುಕ್ ತಾತನ ಹೆಸರಲ್ಲಿ, ತಾತ ಹೋದಮೇಲೆ ದೊಡ್ಡಪ್ಪನ ಹೆಸರಲ್ಲಿ. ಬಟವಾಡೆ ದಿನ ದುಡ್ಡು ಅವಳ ಕೈಗೇ ಬರುತ್ತಿತ್ತು ಅನ್ನೋದೂ ನಿಜ, ಅದನ್ನು ಹೇಳದಿದ್ದರೆ ಅನ್ಯಾಯ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇದ್ದದ್ದು ಅಜ್ಜಿಯ ಹೆಸರು. ತಿಂಗಳಿಗೆ 2,000 ರೂಪಾಯಿ ಅವಳ ಖಾತೆಗೆ ಬಿತ್ತು. ಏನು ತಗೊಳ್ತೀಯಾ ಅಂತ ನಾವು ಮೊಮ್ಮಕ್ಕಳೆಲ್ಲ ಕೇಳಿದೆವು. ಸೀರೆ ಅನ್ನಬಹುದು, ಓಲೆಗೆ ಕೂಡಿಡಬಹುದು ಅಂದುಕೊಂಡಿದ್ದೆವು. ಅವಳು ಒಂದು ಮೂಟೆ ಹಿಂಡಿ, ಒಂದು ಮೂಟೆ ಬೂಸ ತರಿಸಿದಳು. ಮಿಕ್ಕ ದುಡ್ಡಿಗೆ ಕರುವಿಗೆ ಜಂತು ಔಷಧಿ. ಇದನ್ನೂ ನಮ್ಮತ್ತೆ ಒಬ್ಬರು "ನೋಡು, ತನಗೇ ಅಂತ ಏನೂ ತಗೊಳ್ಳಲಿಲ್ಲ" ಅಂತ ಕಣ್ಣೀರು ಹಾಕಿಕೊಂಡು ಹೇಳಿದರು. ನನಗೆ ಹಾಗೆ ಕಾಣಲಿಲ್ಲ. ಆ ಹಸು ಅವಳ ಕಸುಬು. ಕೈಗೆ ದುಡ್ಡು ಬಂದಾಗ ಕಸುಬಿಗೆ ಹಾಕೋದು ಯಾವ ರೈತನಾದರೂ ಮಾಡೋ ಕೆಲಸ.

ಪಾಲಿನ ದಿನ

ತಾತ ಹೋದ ಮಾರನೇ ವರ್ಷ ಮನೆ ಪಾಲಾಯಿತು. ಜಗಲಿ ಮೇಲೆ ಊರ ಹಿರಿಯರು ನಾಲ್ಕು ಜನ, ಕಾಗದ ಬರೆಯೋಕೆ ಒಬ್ಬರು, ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ. ಮೂವರು ಅತ್ತೆಯರೂ ಬಂದಿದ್ದರು. ಅವರು ಒಳಗೆ. ಅಜ್ಜಿ ಅಡುಗೆಮನೆಯಲ್ಲಿ ಅಷ್ಟೂ ಜನಕ್ಕೆ ಎಸರಿಟ್ಟಿದ್ದಳು. ನಾನು ಹೈಸ್ಕೂಲು. ನೀರಿನ ಚೊಂಬು ಹೊತ್ತುಕೊಂಡು ಒಳಗೂ ಹೊರಗೂ ಓಡಾಡೋ ಕೆಲಸ ನನ್ನದು.

ಹೊಲ ಹಂಚೋದು ಬೇಗ ಆಯಿತು. ತೋಟಕ್ಕೆ ಬಂದಾಗ ತಕರಾರು ಶುರುವಾಯಿತು. ತೋಟದಲ್ಲಿ ವಿಸ್ತೀರ್ಣ ಸಮ ಮಾಡಿದರೆ ಸಾಲದು, ಕಾಯಿ ಸಮ ಆಗಬೇಕು. ಬಾವಿ ಕಡೆ ಮರಗಳು ಎಷ್ಟು ವರ್ಷದವು ಅಂತ ಒಬ್ಬರು ಕೇಳಿದರು. ಅಪ್ಪ ಒಂದು ಹೇಳಿದರು, ಚಿಕ್ಕಪ್ಪ ಇನ್ನೊಂದು ಹೇಳಿದರು. ದೊಡ್ಡಪ್ಪ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು, "ಅವ್ವಾ, ಬಾವಿ ಕಡೇವು ಯಾವಾಗ ಇಟ್ಟಿದ್ದು?" ಅಂದರು. ಅಜ್ಜಿ ಕೋಲಲ್ಲಿ ಮುದ್ದೆ ತೊಳಸುತ್ತಿದ್ದಳು. ತಲೆ ಎತ್ತದೆ, "ನಿನ್ ತಂಗಿ ಹುಟ್ಟಿದ ವರ್ಷ" ಅಂದಳು. ದೊಡ್ಡಪ್ಪ ಹೋಗಿ ಜಗಲಿಯಲ್ಲಿ ವರ್ಷ ಹೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ರಸ್ತೆ ಕಡೆ ಸಾಲಿನಲ್ಲಿ ಎಷ್ಟು ಮರ ಕಾಯಿ ಹಿಡಿಯುತ್ತೆ? ಅವಳು ಹೇಳಿದಳು. ಅಲ್ಲಿ ಬುಡದಲ್ಲಿ ಮೊರಡು, ಅಂದರೆ ಕಲ್ಲುನೆಲ, ಸಿಗುತ್ತೆ, ಬೇಸಿಗೆಯಲ್ಲಿ ಹರಳು, ಅಂದರೆ ಎಳೆಕಾಯಿ, ಉದುರುತ್ತೆ, ಲೆಕ್ಕಕ್ಕೆ ಎರಡು ಮರಕ್ಕೆ ಒಂದು ಅಂತ ಹಿಡೀರಿ. ಮೂಲೆಯ ಮರದ ಕಾಯಿ ಸಣ್ಣದು ಆದರೆ ಗೊನೆ ಜಾಸ್ತಿ. ಹಲಸಿನ ಮರ ಯಾರ ಪಾಲಿಗಾದರೂ ಹೋಗಲಿ, ಹಣ್ಣು ಮೂವರಿಗೂ. ಹೀಗೆ ದೊಡ್ಡಪ್ಪ ಬರೋದು, ಅಪ್ಪ ಬರೋದು, ಒಂದು ಸಲ ಕಾಗದ ಬರೆಯೋರೇ ಎದ್ದು ಬಂದರು. ಊಟದ ಹೊತ್ತಿಗೆ ತೋಟ ಮೂರು ಪಾಲಾಗಿತ್ತು. ಯಾರೂ ಇವತ್ತಿನವರೆಗೆ ಆ ಪಾಲಿನ ಬಗ್ಗೆ ಗೊಣಗಿಲ್ಲ. ಹಿರಿಯರು ನ್ಯಾಯವಾಗಿ ಹಂಚಿದರು ಅಂತಲೇ ಊರಲ್ಲಿ ಮಾತು.

ಗಂಡ ಹೋದರೆ ಅವನ ಆಸ್ತಿಯಲ್ಲಿ ಮಕ್ಕಳ ಜೊತೆಗೆ ಹೆಂಡತಿಗೂ ಪಾಲಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಇದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅತ್ತೆಯರನ್ನು ಕರೆಸಿದ್ದು, ಹಕ್ಕು ಬಿಡುಗಡೆಗೆ ಸಹಿ ಬೇಕಿತ್ತು. ಮೂವರೂ ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಹಿರಿಯರೊಬ್ಬರು, ಅವರ ಹೆಸರು ಬೇಡ, ತುಂಬ ಒಳ್ಳೆಯವರು, "ನಿನಗೂ ಅಂತ ಅರ್ಧ ಎಕರೆ ಇಟ್ಕೋ ತಾಯಿ" ಅಂದರು. "ನಂಗ್ಯಾಕಪ್ಪ ಜಮೀನು, ಮಕ್ಳಿಲ್ವಾ" ಅಂದಳು ಅಜ್ಜಿ. ಅಲ್ಲಿದ್ದ ಎಲ್ಲರ ಮುಖದಲ್ಲೂ ಸಮಾಧಾನ ಕಂಡಿತು.

ಆ ಉತ್ತರವನ್ನು ನಾನು ತುಂಬ ಸಲ ತಿರುಗಿಸಿ ನೋಡಿದ್ದೇನೆ. ಅದು ಪ್ರೀತಿ ಅಲ್ಲ ಅಂತ ಹೇಳಲಾರೆ. ಮಕ್ಕಳ ಮೇಲೆ ಅವಳಿಗೆ ಜೀವ ಇತ್ತು. ಆದರೆ ಅದರಲ್ಲಿ ಲೆಕ್ಕವೂ ಇತ್ತು ಅಂತ ಈಗ ಅನ್ನಿಸುತ್ತೆ. ಅರ್ಧ ಎಕರೆ ತನ್ನ ಹೆಸರಿಗೆ ಇಟ್ಟುಕೊಂಡರೆ ಮೂವರು ಸೊಸೆಯರಲ್ಲಿ ಅದು ಕೊನೆಗೆ ಯಾರಿಗೆ ಅನ್ನೋ ಪ್ರಶ್ನೆ ಅವತ್ತಿಂದಲೇ ಹುಟ್ಟುತ್ತಿತ್ತು. ಏನೂ ಇಟ್ಟುಕೊಳ್ಳದ ತಾಯಿ ಮೂರು ಮನೆಯಲ್ಲೂ ತಲೆಯೆತ್ತಿ ಉಣ್ಣಬಹುದು. ಅತ್ತೆಯರದೂ ಹಾಗೇ. ಸಹಿ ಹಾಕಿ ಅವರು ತವರಿನ ಬಾಗಿಲು ಉಳಿಸಿಕೊಂಡರು. ಗೌರಿ ಹಬ್ಬಕ್ಕೆ ಕರೆಯೋಕೆ ಅಣ್ಣ ಬರಬೇಕು, ಮಗಳ ಮದುವೆಗೆ ಸೋದರಮಾವ ನಿಲ್ಲಬೇಕು. ಅಷ್ಟಕ್ಕೆ ಅವರು ಕೊಟ್ಟ ಬೆಲೆ ಜಮೀನು. ಅಜ್ಜಿ ಕೂಡ ತನ್ನ ತಮ್ಮಂದಿರಿಗೆ ಹೀಗೇ ಬಿಟ್ಟುಕೊಟ್ಟು ಬಂದವಳು. ಇದನ್ನು ತ್ಯಾಗ ಅನ್ನೋರು, ಬಿಟ್ಟುಕೊಡದಿದ್ದರೆ ಏನಾಗುತ್ತಿತ್ತು ಅನ್ನೋದನ್ನೂ ಜೊತೆಗೆ ಹೇಳಬೇಕು. ಬೇರೆ ದಾರಿ ಇಲ್ಲದ ಕಡೆ ಒಬ್ಬಳು ಬುದ್ಧಿವಂತಿಕೆಯಿಂದ ಮಾಡಿದ ವ್ಯವಹಾರ ಅದು. ಅವಳ ಲೆಕ್ಕ ತಪ್ಪಲೂ ಇಲ್ಲ. ಕೊನೆಯವರೆಗೂ ಮೂರು ಮನೆಯಲ್ಲೂ ಅವಳ ಮಾತಿಗೆ ತೂಕ ಇತ್ತು. ಎಷ್ಟೋ ತಾಯಂದಿರಿಗೆ ಆ ಅದೃಷ್ಟ ಇಲ್ಲ. ತಿಂಗಳಿಗೊಂದು ಮನೆ ಅಂತ ಬಟ್ಟೆ ಗಂಟು ಹೊತ್ತು ತಿರುಗೋ ಮುದುಕಿಯರು ನಮ್ಮ ಊರಲ್ಲೇ ಇದ್ದಾರೆ.

ಅಮ್ಮ ಹೇಳಿದ್ದು

ಇಷ್ಟನ್ನೂ ನಾನು ಅಮ್ಮನ ಹತ್ತಿರ ಹೇಳಿಕೊಂಡೆ. ಅಜ್ಜಿ ಎಂಥ ರೈತಳು ಅಂತ ಯಾರೂ ಗುರುತಿಸಲಿಲ್ಲ ಅಂದೆ. ಅಮ್ಮ ಅವರೆಕಾಳು ಹಿತುಕುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಮಾಡಿದ್ದು ನಿಜ. ನಮ್ಮ ಕೈಲೂ ಮಾಡಿಸಿದರು" ಅಂದಳು.

ಅದೂ ನಿಜ. ಅಜ್ಜಿ ಸೊಸೆಯರ ಮಟ್ಟಿಗೆ ಬಿಗಿ. ಜ್ವರ ಬಂದು ಮಲಗಿದ್ದ ಅಮ್ಮನನ್ನು "ಹಸು ಕರೆಯೋ ಹೊತ್ತಾಯ್ತು" ಅಂತ ಎಬ್ಬಿಸಿದ್ದು ನನಗೇ ನೆನಪಿದೆ. ನನ್ನನ್ನು ಹೆತ್ತ ಮೇಲೆ ಅಮ್ಮನಿಗೆ ಬಾಣಂತನ ಮುಗಿಯೋ ಮೊದಲೇ ಕಳೆ ಕೀಳೋ ಕೆಲಸ ಬಿತ್ತು. ಕೇಳಿದರೆ "ನಾವು ಮಾಡ್ಲಿಲ್ವಾ?" ಅನ್ನೋಳು ಅಜ್ಜಿ. ತಾನು ಸಹಿಸಿದ್ದನ್ನು ಮುಂದಿನವಳೂ ಸಹಿಸಬೇಕು ಅನ್ನೋ ಲೆಕ್ಕ ಅವಳಲ್ಲಿತ್ತು. ಸಂಸಾರಕ್ಕೆ ಜೀವ ತೇಯ್ದವಳು ಅಂತ ಹೊಗಳಿದಾಗಲೆಲ್ಲ ಆ ಹೊಗಳಿಕೆ ಸೊಸೆಯರ ಮೇಲೆ ಒಂದು ಭಾರವಾಗಿ ಕೂರುತ್ತಿತ್ತು. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅಜ್ಜಿಯನ್ನು ದೇವರ ಪಟ ಮಾಡಿದರೆ ಅಮ್ಮನಿಗೆ ಮಾತಾಡೋಕೆ ಜಾಗವೇ ಇರಲ್ಲ. ಅಜ್ಜಿಗೆ ಕೈ ಮುಗಿದು ಸುಮ್ಮನಾಗಬಾರದು ಅನ್ನೋದಕ್ಕೆ ಇದೂ ಒಂದು ಕಾರಣ.

ಅಮ್ಮನ ದಿನ ಅಜ್ಜಿಯ ದಿನಕ್ಕಿಂತ ಎಷ್ಟು ಬೇರೆ? ರಾಗಿ ಬೀಸೋದಿಲ್ಲ, ಮಿಲ್ಲಿದೆ. ನೀರು ಸೇದೋದಿಲ್ಲ, ನಲ್ಲಿಯಿದೆ. ಗ್ಯಾಸಿದೆ. ಆದರೂ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಿದ್ದರು, ಗಂಡಸರಲ್ಲಿ ಮನೆಕೆಲಸ ಮಾಡುವವರು 97 ನಿಮಿಷ. ಅಮ್ಮನ ಮಟ್ಟಿಗೆ ಇದರ ಮೇಲೆ ಹಸು, ಇದರ ಮೇಲೆ ತೋಟ. ತೋಟದ ಪಹಣಿಯಲ್ಲಿ ಅಪ್ಪನ ಹೆಸರು.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಊಟದ ಹೊತ್ತಲ್ಲಿ ಅಪ್ಪನ ಮುಂದೆ ಮಾತು ತೆಗೆದೆ. ತೋಟದಲ್ಲಿ ಒಂದು ಭಾಗ ಅಮ್ಮನ ಹೆಸರಿಗೆ ಮಾಡಿಸೋಣ, ದಾನಪತ್ರ ಮಾಡಿಸಿದರೆ ಆಗುತ್ತೆ, ಆಮೇಲೆ ಅವಳ ಹೆಸರಲ್ಲೇ ಫ್ರೂಟ್ಸ್ ಐಡಿ ಮಾಡಿಸಬಹುದು ಅಂದೆ. ಅಪ್ಪ ಮೊದಲು, "ಯಾಕೆ, ನಾನಿಲ್ವಾ?" ಅಂದರು. ಆಮೇಲೆ ಸುಮ್ಮನೆ ಉಂಡರು. ಕೈ ತೊಳೆದು ಬಂದು, ಗೋಡೆಗೆ ಒರಗಿ, "ಆಯ್ತು, ಮಾಡ್ಸೋಣ. ರಸ್ತೆ ಕಡೇದು ಇವಳ ಹೆಸರಿಗೆ ಬರ್ಲಿ, ಬೆಲೆ ಜಾಸ್ತಿ ಅಲ್ಲಿ" ಅಂದರು. ಅವರು ಒಳ್ಳೇ ಮನಸ್ಸಿಂದಲೇ ಹೇಳಿದ್ದು. ನಾನು ಅಮ್ಮನ ಮುಖ ನೋಡಿದೆ. "ನಂಗ್ಯಾಕೆ" ಅಂತ ಬರುತ್ತೆ ಅಂದುಕೊಂಡಿದ್ದೆ.

ಅಮ್ಮ ತಟ್ಟೆ ಎತ್ತುತ್ತಿದ್ದಳು. "ರಸ್ತೆ ಕಡೇದು ಬೇಡ. ಅಲ್ಲಿ ಮೊರಡು, ಹರಳು ನಿಲ್ಲಲ್ಲ. ಮಾಡ್ಸೋದಾದ್ರೆ ಬಾವಿ ಕಡೇದು ಮಾಡ್ಸಿ" ಅಂದಳು. ಆಮೇಲೆ ಅಡುಗೆಮನೆಯಿಂದಲೇ ಇನ್ನೊಂದು ಮಾತು ಸೇರಿಸಿದಳು. ಮೂಲೆಯಲ್ಲಿರೋ ಗೊನೆ ಜಾಸ್ತಿ ಬಿಡೋ ಮರವೂ ಅದರಲ್ಲೇ ಸೇರಬೇಕಂತೆ, ಸರ್ವೆಯವರನ್ನು ಕರೆಸೋ ದಿನ ಮೊದಲೇ ಹೇಳಬೇಕಂತೆ, ಅವಳೂ ಬರ್ತಾಳಂತೆ.